ರೇಣವ್ವ ತೊಳೆದ ಗಾಜಿನ ಬಟ್ಟೆ

ಗೋಪನಕೊಪ್ಪದ ರೇಣವ್ವನಿಗೆ ಗಂಡ ಸತ್ತಾಗ ಅಳು ಬರಲಿಲ್ಲ. ಬರದಿದ್ದರೆ ಹೋಗಲಿ ಎಂದು ಓಣಿಯವರು ಸುಮ್ಮನಿರಬೇಕಲ್ಲ. ಸಾವಿನ ಮನೆಗೆ ಬರುವ ಹೆಂಗಸರಲ್ಲಿ ಅರ್ಧ ಜನ ಅಳುವುದಕ್ಕೆ ಬಂದರೆ ಉಳಿದರ್ಧ ಜನ ಯಾರು ಎಷ್ಟು ಅತ್ತರೆಂದು ನೋಡಿಕೊಂಡು ಹೋಗಲು ಬಂದಿರುತ್ತಾರೆ. ಪಕ್ಕದ ಮನೆಯ ಅಕ್ಕವ್ವ ಅವಳ ತೋಳು ಚಿವುಟಿ, ಅತ್ತು ಹಗುರಾಗು ಎಂದು ಕಿವಿಯಲ್ಲಿ ಹೇಳಿದಳು. ರೇಣವ್ವ ಚಿವುಟಿದ ಜಾಗವನ್ನು ನೋಡಿಕೊಂಡಳೇ ಹೊರತು ಅಳಲಿಲ್ಲ. ಮೈದುನಂದಿರು ಹೆಣಕ್ಕೆ ಹೊದಿಸಲು ಬಿಳಿ ಬಟ್ಟೆ ತಂದಾಗ ಮಾತ್ರ ಅವಳ ಬಲಗೈ ತಾನಾಗಿ ಮುಂದೆ ಹೋಗಿ, ಹೆಬ್ಬೆರಳಿನಿಂದ ಅದನ್ನು ತಿಕ್ಕಿ ನೋಡಿತು. ‘ಇದರಾಗ ಗಂಜಿ ಭಾಳ ಐತಿ’ ಎಂದಳು. ಅಲ್ಲಿದ್ದವರಿಗೆಲ್ಲ ಆ ಮಾತು ಕೇಳಿಸಿತು. ಅಂದಿನಿಂದ ಓಣಿಯಲ್ಲಿ ಅವಳಿಗೆ ಕಲ್ಲು ಎಂಬ ಹೆಸರು ಬಿತ್ತು.

ಅದು ತೊಂಬತ್ತಾರನೆಯ ಇಸವಿಯ ಮಳೆಗಾಲ. ಗಂಡ ಹನಮೇಶ ಅಮರಗೋಳದ ಮಾರುಕಟ್ಟೆ ಅಂಗಳದಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದವನು. ಜ್ವರ ಬಂತು, ವಾರ ತುಂಬುವುದರೊಳಗೆ ಹೋದ. ಮಕ್ಕಳಿರಲಿಲ್ಲ. ರೇಣವ್ವ ಹದಿಮೂರು ದಿನ ಕಳೆದ ಮೇಲೆ ಹೊಲಿಗೆ ಯಂತ್ರದ ಮುಸುಕು ತೆಗೆದು, ಅರ್ಧಕ್ಕೆ ನಿಂತಿದ್ದ ಯಾರದೋ ಜಂಪರಿಗೆ ತೋಳು ಕೂಡಿಸಿದಳು. ಅವಳೇನೂ ಕಲ್ಲಾಗಿರಲಿಲ್ಲ. ಬಹಳ ಹೊತ್ತು ಮಡಚಿ ಕುಳಿತ ಕಾಲಿಗೆ ಜೋಮು ಹಿಡಿದಾಗ, ಇದು ನಮ್ಮದೇ ಕಾಲು ಎಂದು ಗೊತ್ತಿರುತ್ತದೆ, ಆದರೆ ಮುಟ್ಟಿದರೆ ಬೇರೆ ಯಾರನ್ನೋ ಮುಟ್ಟಿದ ಹಾಗಿರುತ್ತದೆ. ಅವಳಿಗೆ ಮೈಯಷ್ಟೂ ಹಾಗಾಗಿತ್ತು. ಉಂಡರೆ ಉಂಡಳು, ಮಲಗಿದರೆ ನಿದ್ದೆ ಬಂತು. ನಿದ್ದೆ ಬರುತ್ತದೆ ಎಂದೇ ಅವಳಿಗೆ ತನ್ನ ಮೇಲೆ ಬೇಸರವಾಗುತ್ತಿತ್ತು. ಆ ಬೇಸರವೂ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಕೈಗಳು ಮಾತ್ರ ತಮ್ಮ ಪಾಡಿಗೆ ತಾವು ದುಡಿದವು. ಬಟ್ಟೆ ಎಂದರೆ ರೇಣವ್ವನಿಗೆ ಒಂದೇ ಕಾನೂನು: ನೀರು ಕಾಣದ ಬಟ್ಟೆಗೆ ಕತ್ತರಿ ಇಡಬಾರದು. ಕೆಲಸ ಕಲಿತ ಹೊಸತರಲ್ಲಿ ದುರ್ಗದಬೈಲಿನ ವ್ಯಾಪಾರಸ್ಥರೊಬ್ಬರ ಮನೆಯ ಮದುವೆಗೆ ಕೋರಾ ಅಸ್ತರು ಹಾಕಿ ಜಂಪರು ಹೊಲಿದುಕೊಟ್ಟಿದ್ದಳು. ಮೊದಲ ಒಗೆತಕ್ಕೇ ಅಸ್ತರು ಕುಗ್ಗಿ, ಹೊಲಿಗೆ ಬಿಟ್ಟು, ಮದುಮಗಳ ಅತ್ತೆ ಅಂಗಡಿಗೇ ಬಂದು ಸಂತೆ ಸೇರಿಸಿದ್ದಳು. ಅಲ್ಲಿಂದ ಮುಂದೆ ಯಾವ ಹೊಸ ಬಟ್ಟೆ ಬಂದರೂ ಅಂಟುವಾಳದ ನೀರಿನಲ್ಲಿ ನೆನೆಸಿ, ಗಂಜಿ ಜಾಸ್ತಿ ಇದ್ದರೆ ಸೋಡಾ ಹಾಕಿ ಕುದಿಸಿ, ನೆರಳಿಗೆ ಒಣಹಾಕಿ, ಆಮೇಲೆ ಕತ್ತರಿ. ಗಿರಾಕಿಗಳು ತಡವಾಯಿತೆಂದು ಗೊಣಗಿದರೂ ಕೇಳುತ್ತಿರಲಿಲ್ಲ. ಈ ಕಾನೂನನ್ನು ಅವಳು ಯಾರಿಗೂ ಹೇಳಿಕೊಳ್ಳುತ್ತಲೂ ಇರಲಿಲ್ಲ. ಅಕ್ಕಿ ತೊಳೆದು ಅನ್ನಕ್ಕಿಡುತ್ತೇನೆ ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಅಷ್ಟರಲ್ಲಿ ಗೋಪನಕೊಪ್ಪದ ಹೊಸ ಪ್ಲಾಟುಗಳ ಕಡೆ ರಮಾಕಾಂತ ಎಂಬ ಮಾಸ್ತರರು ಮನೆ ಕಟ್ಟಿಸಿಕೊಂಡು ಬಂದರು. ಮೂಲತಃ ಧಾರವಾಡದ ಮಾಳಮಡ್ಡಿಯವರು. ತಾಂತ್ರಿಕ ಶಾಲೆಯೊಂದರಲ್ಲಿ ಹುಡುಗರಿಗೆ ಕಬ್ಬಿಣ ಉಜ್ಜುವುದನ್ನು ಕಲಿಸಿ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದರು. ಮನೆಯಲ್ಲಿ ಹೆಂಡತಿ ಅಂಬಾಬಾಯಿ, ಒಬ್ಬಳೇ ಮಗಳು ಚಿನ್ಮಯೀ. ಮಾಳಮಡ್ಡಿಯವರಿಗೆ ನಿವೃತ್ತಿಯಾದ ಮೇಲೆ ತಂಬೂರಿಯ ಚಟ ಹತ್ತುವುದು ರೂಢಿ. ಇವರು ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ, ಇಬ್ಬರು ಕೂರುವ ವಿಮಾನ ಕಟ್ಟುತ್ತೇನೆಂದು ಹೊರಟರು. ಅಂಬಾಬಾಯಿ ಮೊದಲು ನಕ್ಕರು, ಆಮೇಲೆ ಅತ್ತರು, ಕೊನೆಗೆ ಹೊತ್ತಿಗೆ ಸರಿಯಾಗಿ ಶೆಡ್ಡಿಗೆ ಚಹಾ ಕಳಿಸತೊಡಗಿದರು.

ಆ ಜಾತಿಯ ವಿಮಾನಕ್ಕೆ ಕಬ್ಬಿಣವೂ ಬೇಡ, ತಗಡೂ ಬೇಡ. ಬೆಂಡಿನಂಥ ಹಗುರ ತುಂಡನ್ನು ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ಬಟ್ಟೆ ಹಾಸಿ, ಒಣಗಿದರೆ ಗಟ್ಟಿಯಾಗುವ ರಾಳ ಬಳಿದು, ಪದರದ ಮೇಲೆ ಪದರ ಕೂಡಿಸುತ್ತ ಹೋಗಬೇಕು. ಗಾಜನ್ನು ಕೂದಲಿಗಿಂತ ಸಣ್ಣ ಎಳೆ ಮಾಡಿ ನೇಯ್ದ ಬಟ್ಟೆ ಅದು. ಯಾವ ಬಟ್ಟೆ ಎಂಬುದೇ ದೊಡ್ಡ ಪ್ರಶ್ನೆ. ಮಾಸ್ತರರು ಆ ಒಂದು ಪ್ರಶ್ನೆಯಲ್ಲಿ ಎರಡು ವರ್ಷ ಕಳೆದರು. ಕನ್ಯೆ ನೋಡಲು ಹೊರಟವರು ಕೂಡ ಅಷ್ಟು ಮನೆ ಹತ್ತಿ ಇಳಿಯುವುದಿಲ್ಲ.

ಗೋಕುಲ ರಸ್ತೆಯಲ್ಲಿ ನೀರಿನ ಟಾಕಿ, ಬಸ್ಸಿನ ಮೂತಿ ಮಾಡುವ ಉಳವಪ್ಪ ತನ್ನಲ್ಲಿದ್ದ ಗಾಜಿನ ಚಾಪೆಯನ್ನು ತೋರಿಸಿದ; ತುಂಡು ಎಳೆಗಳನ್ನು ಅಂಟು ಹಾಕಿ ಹರಡಿದ್ದು. ಆನೆ ಕುಳಿತರೂ ಒಡೆಯುವುದಿಲ್ಲ ಎಂದ. ಮಾಸ್ತರರು ಅದನ್ನು ಬೇಡವೆಂದರು. ಅದು ಸಿಕ್ಕಷ್ಟು ರಾಳ ಕುಡಿದು ಭಾರವಾಗುತ್ತದೆ, ತಮ್ಮ ರಾಳದಲ್ಲಿ ಅದರ ಅಂಟು ಕರಗುವುದೂ ಇಲ್ಲ. ಗೋಣಿಯ ಹಾಗೆ ದಪ್ಪ ನೇಯ್ಗೆಯದು ಬಂತು. ಎಳೆಗಳ ಸಂದಿನಲ್ಲಿ ರಾಳ ಕೊಳದ ಹಾಗೆ ನಿಲ್ಲುತ್ತದೆಂದು ಅದೂ ಹೋಯಿತು. ಕಪ್ಪು ಇದ್ದಿಲ ನೂಲಿನ ಬಟ್ಟೆ ಬಲಕ್ಕೆ ಹೆಸರಾದದ್ದು, ಆದರೆ ಮುರಿಯುವ ಮೊದಲು ಸುಳಿವು ಕೊಡುವುದಿಲ್ಲ. ಕೊನೆಗೆ ಎರಡು ಉಳಿದವು. ರೆಕ್ಕೆಯ ಬೆನ್ನುಮೂಳೆಗೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಓಡುವ ಬಟ್ಟೆ. ರೆಕ್ಕೆಯ ಚರ್ಮಕ್ಕೆ ಅಡ್ಡ ಉದ್ದ ಎರಡೂ ಕಡೆ ಸಮನಾಗಿ ನೇಯ್ದ ತೆಳು ಬಟ್ಟೆ. ಅದನ್ನು ಓರೆಯಾಗಿ ಕತ್ತರಿಸಿ ಹಾಕಬೇಕು, ಆಗ ರೆಕ್ಕೆ ತಿರುಚುವುದಿಲ್ಲ.

ಆ ತೆಳು ಬಟ್ಟೆಯನ್ನು ಯಾರಿಂದ ತರಿಸುವುದು ಎಂಬಲ್ಲಿಯೂ ಅವರು ಸುಮ್ಮನಾಗಲಿಲ್ಲ. ಬೇರೆ ಬೇರೆ ಕಡೆಯಿಂದ ಬಂದ ಚೂರುಗಳಿಗೆ ರಾಳ ಹಾಕಿ ಒಣಗಿಸಿ, ಅಂಬಾಬಾಯಿಯ ಇಡ್ಲಿ ಪಾತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿಸಿದರು. ಇಡ್ಲಿ ಪಾತ್ರೆ ಹೋದ ಸುದ್ದಿ ಓಣಿ ತುಂಬ ಹಬ್ಬಿತು. ರೇಣವ್ವನ ಕಿವಿಗೆ ಬಿದ್ದದ್ದು ಇಷ್ಟೇ: ಮಾಸ್ತರರು ಗಾಜಿನ ಬಟ್ಟೆಯನ್ನು ಕುದಿಸಿ ನೋಡಿ ಆರಿಸಿದರಂತೆ. ಮಾಸ್ತರರಿಗೆ ಬಟ್ಟೆಯ ಜ್ಞಾನ ಇದೆ ಎಂದುಕೊಂಡಳು.

ಓರೆ ಕತ್ತರಿಸಲು ಹೋಗಿ ಮಾಸ್ತರರು ಸೋತರು. ಗಾಜಿನ ಬಟ್ಟೆ ಕತ್ತರಿಯ ಮುಂದೆ ಜಾರುತ್ತದೆ, ಅಂಚು ಬಿಚ್ಚುತ್ತದೆ, ಮೂಲೆ ಎಳೆದರೆ ಇಡೀ ಬಟ್ಟೆಯ ಆಕಾರವೇ ಕೆಡುತ್ತದೆ. ಓರೆ ಕತ್ತರಿಸುವುದೆಂದರೆ ಜಂಪರು ಹೊಲಿಯುವವರ ದಿನನಿತ್ಯದ ಕೆಲಸ. ಅಂಬಾಬಾಯಿಯೇ ರೇಣವ್ವನ ಹೆಸರು ಹೇಳಿದರು. ಹೀಗೆ ಎರಡು ಸಾವಿರದ ಇಸವಿಯ ಚಳಿಗಾಲದಲ್ಲಿ ಗಾಜಿನ ಬಟ್ಟೆಯ ಸುರುಳಿಗಳು ರೇಣವ್ವನ ಮನೆಗೆ ಬಂದವು. ಮಾಸ್ತರರು ಕಾಗದದ ಅಳತೆ ಕೊಟ್ಟರು, ಎಳೆಗಳು ಯಾವ ದಿಕ್ಕಿಗೆ ಓಡಬೇಕೆಂದು ಗೆರೆ ಹಾಕಿ ತೋರಿಸಿದರು, ಎಣ್ಣೆಗೈಯಿಂದ ಮುಟ್ಟಬೇಡ ಎಂದರು. ತೊಳೆಯಬೇಡ ಎನ್ನಲಿಲ್ಲ. ಗಾಜನ್ನು ಯಾರು ತೊಳೆಯುತ್ತಾರೆ?

ರೇಣವ್ವ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಬಟ್ಟೆಯ ಮೇಲೆ ಏನೋ ಒಂದು ತೆಳು ಲೇಪ, ಒಣ ನುಣುಪು. ಗಂಜಿ, ಎಂದುಕೊಂಡಳು. ತಾಮ್ರದ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಅಂಟುವಾಳದ ನೀರಿನಲ್ಲಿ ಜಾಲಿಸಿ, ರೇಷ್ಮೆ ಸೀರೆಯನ್ನು ಒಣಗಿಸುವಷ್ಟು ಜತನದಿಂದ ಮಾಳಿಗೆಯ ನೆರಳಿನಲ್ಲಿ ಹರವಿದಳು. ಲೇಪ ಹೋಗಿ ಬಟ್ಟೆ ಮೆತ್ತಗಾಯಿತು, ಕತ್ತರಿಗೆ ಬಗ್ಗಿತು. ಮಾಸ್ತರರು ಕತ್ತರಿಸಿದ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿ, ನಿನ್ನ ಕೈ ಛಲೋ ಅದ ರೇಣವ್ವ ಎಂದರು. ಅವಳು ತಲೆಯಾಡಿಸಿದಳು. ಹೊಗಳಿಕೆ ಎಲ್ಲೋ ಪಕ್ಕದ ಮನೆಗೆ ಬಂದ ಹಾಗಿತ್ತು.

ಎರಡು ಚಳಿಗಾಲ ಆ ಕೆಲಸ ನಡೆಯಿತು. ಕತ್ತರಿಸಿದ್ದಷ್ಟೇ ಅಲ್ಲ, ರೆಕ್ಕೆಯ ಮೇಲೆ ಬಟ್ಟೆ ಹಾಸುವಾಗ ಒಂದು ತುದಿ ಹಿಡಿಯಲೂ ಅವಳೇ ಹೋಗುತ್ತಿದ್ದಳು. ಮಾಸ್ತರರು ರಾಳ ಬಳಿದು, ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಗಾಳಿಗುಳ್ಳೆ ಓಡಿಸುತ್ತಿದ್ದರು. ಗಾಜಿನ ಪುಡಿ ಮೈಗೆ ಹತ್ತಿದರೆ ಇಡೀ ದಿನ ನವೆ. ಅವಳ ಕೈಗಳೂ ಕೆಂಪಾಗುತ್ತಿದ್ದವು, ಆದರೆ ಆ ನವೆ ಅವಳ ತನಕ ಬಂದು ಮುಟ್ಟುತ್ತಿರಲಿಲ್ಲ.

ಚಿನ್ಮಯೀ ಕಾಲೇಜಿನ ರಜೆಗೆ ಬಂದಾಗ ರೇಣವ್ವನ ಅಂಗಡಿಯಲ್ಲೇ ಕುಳಿತಿರುತ್ತಿದ್ದಳು. ಬೇರೆ ಊರಿನ ಕ್ಲಬ್ಬೊಂದರಲ್ಲಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದ ಹುಡುಗಿ, ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ, ಮೇಲಿನಿಂದ ಹೊಲಗಳು ಹೇಗೆ ಕಾಣುತ್ತವೆ ಎಂದು ಹೇಳುತ್ತಿದ್ದಳು. ನೀನು ಯಾಕೆ ಅಳಲಿಲ್ಲ ಎಂದು ಕೇಳದಿದ್ದವಳು ಊರಲ್ಲಿ ಅವಳೊಬ್ಬಳೇ. ಅದಕ್ಕಾಗಿ ರೇಣವ್ವ ಅವಳನ್ನು ಇಷ್ಟಪಟ್ಟಿದ್ದಳು ಎನ್ನಬೇಕು. ಇಷ್ಟ ಎಂಬುದು ಆಗ ಅವಳಿಗೆ ಎಷ್ಟು ದಕ್ಕುತ್ತಿತ್ತೋ ಅಷ್ಟು.

ರೆಕ್ಕೆಗಳು ಮುಗಿಯುವ ಹೊತ್ತಿಗೆ ಮಾಸ್ತರರ ಕೈ ಕೆಟ್ಟಿತು. ರಾಳದ ವಿಷ ಚರ್ಮಕ್ಕೆ ಏರಿ, ಬೆರಳುಗಳು ಉಬ್ಬಿ, ಒಡೆದು, ನೀರು ಸೋರತೊಡಗಿತು. ಇನ್ನೊಂದು ಸಲ ರಾಳದ ಗಾಳಿ ಸೋಕಿದರೂ ಉಸಿರಿಗೇ ತೊಂದರೆ ಎಂದು ವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದರು. ಮಾಸ್ತರರು ತಲೆ ಕೆಡಿಸಿಕೊಳ್ಳಲಿಲ್ಲ. ರಾಳದ ಕೆಲಸ ಮುಗಿದಿತ್ತಲ್ಲ. ಕೈಗೆ ಹತ್ತಿಯ ಗವಸು ತೊಟ್ಟು ಓಡಾಡಿದರು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ರೆಕ್ಕೆಗಳ ಪರೀಕ್ಷೆ. ಬೋರಲಾಗಿ ಮಲಗಿಸಿದ ರೆಕ್ಕೆಗಳ ಮೇಲೆ ಉಸುಕಿನ ಚೀಲಗಳನ್ನು ಒಂದೊಂದಾಗಿ ಹೇರಿದರು. ರೆಕ್ಕೆ ಬಗ್ಗಿತು, ಬಗ್ಗಿ ನಿಂತಿತು. ಚೀಲ ಇಳಿಸಿದಾಗ ಮತ್ತೆ ನೆಟ್ಟಗಾಯಿತು. ಉಳವಪ್ಪ ಪೇಢೆ ಹಂಚಿದ. ನೋಡಲು ಬಂದಿದ್ದ ಕಾಲೇಜಿನ ಹುಡುಗರಿಗೆ ಮಾಸ್ತರರು ಹುರುಪಿನಿಂದ ಪಾಠ ಹೇಳತೊಡಗಿದರು. ಹಿಂದೆ ಇಡ್ಲಿ ಪಾತ್ರೆಯಲ್ಲಿ ಕುದಿಸಿದ್ದ ಎರಡು ಚೂರುಗಳನ್ನು ತೋರಿಸಿದರು. ಒಂದು ಗಟ್ಟಿಯಾಗಿಯೇ ಇತ್ತು. ಇನ್ನೊಂದು ಹಾಲಿನ ಹಾಗೆ ಬಿಳಚಿಕೊಂಡು, ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ಎದ್ದು ಬಂತು. ನೇಯ್ಗೆ ಒಂದೇ, ತೂಕ ಒಂದೇ, ಆದರೆ ಎರಡನೆಯದಕ್ಕೆ ಲೇಪ ಇಲ್ಲ ಎಂದರು. ಗಾಜಿಗೂ ರಾಳಕ್ಕೂ ಗಂಟು ಹಾಕುವುದು ಆ ತೆಳು ಲೇಪವೇ. ಅದಿಲ್ಲದಿದ್ದರೂ ಹೊಸತರಲ್ಲಿ ಏನೂ ಗೊತ್ತಾಗುವುದಿಲ್ಲ, ಭಾರ ತಡೆಯುತ್ತದೆ. ಒಂದೆರಡು ಮಳೆಗಾಲದ ತಂಪು ಒಳಹೊಕ್ಕಿತೆಂದರೆ ಪದರ ಬಿಡುತ್ತದೆ. ಅದಕ್ಕೇ ಲೇಪವಿರುವ ಬಟ್ಟೆ ಸಿಗುವವರೆಗೆ ತಾವು ಕಾದೆವು ಎಂದರು.

ರೇಣವ್ವ ಪೇಢೆ ಬಾಯಿಗೆ ಹಾಕಿಕೊಂಡಿದ್ದಳು. ಲೇಪ ಎಂದದ್ದು ಕೇಳಿಸಿತು. ತಾನು ಹಂಡೆಯಲ್ಲಿ ಕುದಿಸಿ ಚೆಲ್ಲಿದ್ದು ಯಾವುದೆಂದು ತಿಳಿಯಿತು. ಪೇಢೆ ನುಂಗಿ, ಕೈ ಒರೆಸಿಕೊಂಡು, ಮನೆಗೆ ಬಂದು ಜೋಳದ ರೊಟ್ಟಿ ಬಡಿದಳು.

ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಆ ರೆಕ್ಕೆಗಳನ್ನು ನಂಬಿ ನಾಳೆ ಚಿನ್ಮಯೀ ವಿಮಾನ ಹತ್ತುತ್ತಾಳೆ, ಪದರ ಬಿಟ್ಟರೆ ಮೇಲಿನಿಂದ ಬೀಳುತ್ತಾಳೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೇಳಿದರೆ ವಿಮಾನ ಅಲ್ಲಿಗೇ ಮುಗಿಯಿತು, ಏಕೆಂದರೆ ಮಾಸ್ತರರ ಕೈಗಳು ಇನ್ನೊಂದು ರೆಕ್ಕೆ ಮಾಡಲಾರವು ಎಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದವು, ಎರಡೂ ನೋಯುತ್ತಿರಲಿಲ್ಲ. ಮಳೆಗಾಲ ಬಂತು. ತಗಡಿನ ಶೆಡ್ಡಿನ ಕಡೆ ನೋಡಿದಾಗ, ಈಗ ತಂಪು ಒಳಗೆ ಇಳಿಯುತ್ತಿರಬಹುದು ಎಂದುಕೊಳ್ಳುತ್ತಿದ್ದಳು. ಯಾರದೋ ಮನೆಯವರು ಒಣಹಾಕಿದ ಬಟ್ಟೆ ನೆನೆಯುತ್ತಿದೆ ಎನ್ನುವಷ್ಟೇ ಅವಳ ಕಾಳಜಿ. ಹೀಗೆ ಒಂದು ಮಳೆಗಾಲ ಪೂರ್ತಿ ಬಾಯಿ ಬಿಡದೆ ಕಳೆದಳು. ಅವಳನ್ನು ಕಲ್ಲು ಎಂದವರದ್ದು ಪೂರ್ತಿ ತಪ್ಪು ಎಂದು ಹೇಳುವ ಹಾಗಿಲ್ಲ.

ದಸರೆ ಕಳೆದ ಮೇಲೆ ಚಿನ್ಮಯೀ ಬಂದಳು. ಸಂಕ್ರಮಣ ಮುಗಿದ ವಾರ ವಿಮಾನ ಹೊರಗೆ ತೆಗೆಯುವುದು ನಿಶ್ಚಯವಾಗಿತ್ತು. ಹಾರುವುದಕ್ಕೆ ದಿಲ್ಲಿಯ ಅಪ್ಪಣೆ ಬೇಕು, ಅದು ಬರುವ ಲಕ್ಷಣ ಇರಲಿಲ್ಲ. ನೆಲದ ಮೇಲೆ ಓಡಿಸುವುದಕ್ಕೆ ಯಾರ ಅಪ್ಪಣೆ ಎಂದು ಮಾಸ್ತರರು ಹೇಳುತ್ತಿದ್ದರು. ಹೇಳುವಾಗ ಅಪ್ಪ ಮಗಳು ಇಬ್ಬರೂ ನಗುತ್ತಿದ್ದರು. ಅಂದು ತೊಡಲು ಒಂದು ಗಟ್ಟಿ ಅಂಗಿ ಬೇಕು, ಮುಂದೆ ಎರಡು ಜೇಬು ಇರಲಿ ಎಂದು ಚಿನ್ಮಯೀ ಬಟ್ಟೆ ತಂದಿದ್ದಳು.

ರೇಣವ್ವ ಟೇಪು ತೆಗೆದುಕೊಂಡು ಹುಡುಗಿಯ ಭುಜ ಅಳೆದಳು. ಎದೆಯ ಸುತ್ತ ಟೇಪು ತಂದು ಹಿಡಿದಾಗ ಅದು ಉಸಿರಿನ ಜೊತೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಬೆರಳ ತುದಿಯಲ್ಲಿ ಅದು ತಿಳಿಯುತ್ತಿತ್ತು. ಅಳತೆ ಬರೆದುಕೊಳ್ಳಲು ಹೋದರೆ ಮರೆತುಹೋಗಿತ್ತು. ಮತ್ತೊಮ್ಮೆ ಅಳೆದಳು. ಇಪ್ಪತ್ತು ವರ್ಷದಲ್ಲಿ ಅಳತೆ ಮರೆತದ್ದು ಅದೇ ಮೊದಲು. ಜೀವ ಇರುವ ಮೈ ಇದು ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದು ಬಿಟ್ಟು ಹೋಗಲಿಲ್ಲ. ಹುಡುಗಿ ಹೋದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ ನೇರ ಶೆಡ್ಡಿಗೆ ನಡೆದಳು.

ಮಾಸ್ತರರು ಒಬ್ಬರೇ ಇದ್ದರು. ರೇಣವ್ವನಿಗೆ ಸುತ್ತು ಬಳಸಿ ಹೇಳುವುದು ಬರುವುದಿಲ್ಲ.

‘ಆ ಬಟ್ಟಿ ನಾ ತೊಳದಿದ್ನಿರಿ, ಮಾಸ್ತರ್ರ. ಸೋಡಾ ಹಾಕಿ ಕುದಿಸಿ ತೊಳದಿದ್ನಿ.’

ಯಾವ ತುಂಡು ಎಂದು ಅವರು ಕೇಳಿದರು. ಎಲ್ಲ, ರೆಕ್ಕೆಯದು ಅಷ್ಟೂ ಎಂದಳು. ಮಾಸ್ತರರು ಸ್ಟೂಲಿನ ಮೇಲೆ ಕುಳಿತರು. ಬೈಯುತ್ತಾರೆ ಎಂದು ಅವಳು ನಿಂತೇ ಇದ್ದಳು, ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ. ಮೆಲ್ಲಗೆ, ತರಗತಿಯ ಹುಡುಗರಿಗೆ ಲೆಕ್ಕ ಬಿಡಿಸುವ ದನಿಯಲ್ಲಿ, ರೆಕ್ಕೆ ಪರೀಕ್ಷೆ ಗೆದ್ದಿದೆ ಎಂದು ಹೇಳತೊಡಗಿದರು. ಶೆಡ್ಡು ಸೋರಿಲ್ಲ. ಪರೀಕ್ಷೆಯಾದ ಮೇಲೆ ಕಳೆದದ್ದು ಒಂದೇ ಮಳೆಗಾಲ. ಲೇಪ ಪೂರ್ತಿ ಹೋಗಿದೆ ಎಂದೇನು ಖಾತ್ರಿ?

‘ಒಂದು ಸಲ ಏರಿ ಇಳದ್ರ ಸಾಕು ರೇಣವ್ವ. ಆಮ್ಯಾಲೆ ನಾ ಅದನ್ನ ಮುಟ್ಟೂದಿಲ್ಲ.’

‘ಹಂಗಾದ್ರ ಮತ್ತೊಮ್ಮೆ ಉಸುಕಿನ ಚೀಲ ಹೇರಿ ನೋಡ್ರಿ.’

‘ಮುರದ್ರ?’

‘ಮುರದ್ರ ಇಲ್ಲೇ ಮುರೀತೈತಲ್ರಿ.’

ಮಾಸ್ತರರು ಹತ್ತಿಯ ಗವಸು ತೊಟ್ಟ ಕೈಗಳನ್ನು ನೋಡಿಕೊಂಡರು. ಅವರಿಗೆ ಉಸುಕಿನ ಚೀಲ ಬೇಡವಾಗಿತ್ತು. ಮುರಿಯಬಹುದು ಎಂದು ಗೊತ್ತಿದ್ದವರಿಗೇ ಅದು ಬೇಡವಾಗುವುದು. ರೇಣವ್ವನಿಗೆ ಅಷ್ಟು ಅರ್ಥವಾಯಿತು. ಅವರು ತಲೆ ಎತ್ತದೆ, ಚಿನ್ಮಯೀಗೆ ಇದನ್ನು ಹೇಳಬೇಡ ಎಂದರು. ತಾವೇ ವಿಚಾರ ಮಾಡಿ ಏನಾದರೊಂದು ಮಾಡುತ್ತೇವೆ ಎಂದೂ ಸೇರಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಮಗಳೆಂದರೆ ಜೀವ ಬಿಡುವವರು. ಏಳು ವರ್ಷ ಒಂದೇ ಕಡೆ ನೋಡುತ್ತ ಕುಳಿತವರಿಗೆ ಪಕ್ಕದ್ದು ಕಾಣುವುದು ಕಡಿಮೆಯಾಗುತ್ತದೆ, ಅಷ್ಟೇ.

ರೇಣವ್ವ ಕಾದಳು. ಅಂಗಿ ಹೊಲಿದು ಕೊಟ್ಟಳು. ಅಂಗಿಯ ಬಟ್ಟೆಯನ್ನು ತೊಳೆಯದೆಯೇ ಕತ್ತರಿಸಿದಳು. ಯಾಕೋ ಆ ಹಂಡೆ ಮುಟ್ಟಲು ಮನಸ್ಸಾಗಲಿಲ್ಲ. ಶೆಡ್ಡಿನ ಕಡೆ ಉಸುಕಿನ ಚೀಲ ಬಂದ ಸುದ್ದಿ ಇರಲಿಲ್ಲ.

ಸಂಕ್ರಮಣದ ಮರುವಾರ ಒಂದು ಮುಂಜಾನೆ ಉಳವಪ್ಪನ ಟ್ರಾಕ್ಟರಿನ ಹಿಂದೆ ವಿಮಾನ ಹೊರಟಿತು. ಅಮರಗೋಳದ ಆಚೆ, ಕಡಲೆ ಕಿತ್ತು ಖಾಲಿಯಾದ ಉದ್ದನೆಯ ಹೊಲಕ್ಕೆ ರೋಲರು ಹೊಡೆಸಿದ್ದರು. ಅಂಬಾಬಾಯಿ ಡಬ್ಬಿ ತುಂಬ ಅವಲಕ್ಕಿ ತಂದಿದ್ದರು. ಇಷ್ಟು ವರ್ಷ ಬಟ್ಟೆ ಹಿಡಿದವಳು ಬರದಿದ್ದರೆ ಹೇಗೆ ಎಂದು ರೇಣವ್ವನನ್ನೂ ಟ್ರಾಕ್ಟರಿಗೆ ಹತ್ತಿಸಿದ್ದರು. ದಾರಿಯುದ್ದಕ್ಕೂ ಅವಳು ಮಾಸ್ತರರ ಮುಖ ನೋಡುತ್ತಿದ್ದಳು. ಈಗ ಹೇಳುತ್ತಾರೆ, ಆ ಗಿಡ ದಾಟಿದ ಮೇಲೆ ಹೇಳುತ್ತಾರೆ. ಅವರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮಗಳ ಜೊತೆ ಚರ್ಚೆ ಮಾಡುತ್ತಿದ್ದರು.

ರೆಕ್ಕೆಗಳನ್ನು ಕೂಡಿಸಿದರು. ಅಂಬಾಬಾಯಿ ಮೂತಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಚಿನ್ಮಯೀ ಹೊಸ ಅಂಗಿ ತೊಟ್ಟು ವಿಮಾನದ ಕಡೆ ನಡೆದಳು. ಹೊರಟವರನ್ನು ಹಿಂದಿನಿಂದ ಕೂಗಬಾರದು. ರೇಣವ್ವನ ಬಾಯಿಗೆ ಬಂದ ಹೆಸರು ಅಲ್ಲೇ ನಿಂತಿತು. ಕೂಗುವುದು ಬಿಟ್ಟು ಸೀರೆ ಎತ್ತಿಕೊಂಡು ಹೆಂಟೆಗಳ ಮೇಲೆ ಓಡಿದಳು. ಸುತ್ತು ಹಾಕಿ ಮುಂದೆ ಹೋಗಿ, ಹುಡುಗಿ ಒಳಗೆ ಕಾಲಿಡುವ ಹೊತ್ತಿಗೆ ವಿಮಾನದ ಮೂತಿಯ ಎದುರಿಗೆ ನಿಂತಳು. ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು. ಹಂಡೆ, ಸೋಡಾ, ಲೇಪ, ಮಳೆಗಾಲ.

ಚಿನ್ಮಯೀ ಬುದ್ಧಿವಂತ ಹುಡುಗಿ. ಎರಡು ಸಲ ಕೇಳಲಿಲ್ಲ. ರೆಕ್ಕೆಯ ತುದಿ ಹಿಡಿದು ನಿಂತಿದ್ದ ಅಪ್ಪನ ಕಡೆ ಒಮ್ಮೆ ನೋಡಿದಳು. ಅಲ್ಲಿಗೆ ಇವರ ಮಾತು ಕೇಳಿಸುವಂತಿರಲಿಲ್ಲ.

‘ಅಪ್ಪಗ ಗೊತ್ತದೇನು ಇದು?’

ರೇಣವ್ವ ಆ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಖರೇ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಈ ಹುಡುಗಿ ನೆಲದ ಮೇಲೆ ನಿಂತೇ ಬೀಳುತ್ತಾಳೆ ಎನ್ನಿಸಿತು. ಬಿದ್ದ ಮೇಲೆ ಏಳುತ್ತಾಳೆ, ಉಣ್ಣುತ್ತಾಳೆ, ಮಲಗಿದರೆ ನಿದ್ದೆಯೂ ಬರುತ್ತದೆ. ಹಾಗೆ ಬದುಕುವುದು ಎಂಥದ್ದು ಎಂದು ರೇಣವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ಇಲ್ಲವ್ವ. ನಾ ಯಾರಿಗೂ ಹೇಳಿಲ್ಲ.’

ಚಿನ್ಮಯೀ ಇಳಿದು ಅಪ್ಪನ ಹತ್ತಿರ ಹೋದಳು. ಅವಳು ಹೇಳುತ್ತಿರುವುದು, ಅವರು ಕೇಳುತ್ತಿರುವುದು ಇಲ್ಲಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲರೂ ರೇಣವ್ವನ ಸುತ್ತ ಬಂದು ನಿಂತರು. ಅಂಬಾಬಾಯಿ ಅವಲಕ್ಕಿಯ ಡಬ್ಬಿ ಎದೆಗವಚಿಕೊಂಡು, ನನ್ನ ಮಗಳನ್ನು ಕೊಲ್ಲಬೇಕೆಂದಿದ್ದೆಯಾ ಎಂದು ಕೇಳಿದರು. ಉಳವಪ್ಪ ಮುಖ ಆಚೆ ತಿರುಗಿಸಿದ. ರೇಣವ್ವ ಮಾಸ್ತರರನ್ನು ನೋಡಿದಳು. ಅವರೂ ಅವಳನ್ನು ನೋಡಿದರು. ಈಗಲಾದರೂ ಅವರ ಕಣ್ಣು ಕೆಳಗಾಗುತ್ತದೆ ಎಂದುಕೊಂಡಳು. ಆಗಲಿಲ್ಲ.

‘ಇಷ್ಟು ದಿನಾ ಯಾಕ ಹೇಳಲಿಲ್ಲ, ರೇಣವ್ವ?’

ಆ ದನಿಯಲ್ಲಿ ನಟನೆ ಇರಲಿಲ್ಲ. ಶೆಡ್ಡಿನಲ್ಲಿ ಅವಳು ಬಂದು ನಿಂತದ್ದನ್ನು, ತಾವು ಸ್ಟೂಲಿನ ಮೇಲೆ ಕುಳಿತದ್ದನ್ನು ಅವರು ಆ ಕ್ಷಣದಲ್ಲಿ ತಮ್ಮಿಂದಲೇ ಅಳಿಸಿಬಿಟ್ಟಿದ್ದರು. ದುಃಖದಿಂದ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು.

‘ತಪ್ಪಾತ್ರಿ’ ಎಂದಳು.

ಅವರು ರೆಕ್ಕೆಯ ಕಡೆ ತಿರುಗಿದರು. ಭುಜಗಳು ಅಲುಗುತ್ತಿದ್ದವು. ಚಿನ್ಮಯೀ ಅವರ ಹತ್ತಿಯ ಗವಸಿನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ನಿಮಗೇನು ಗೊತ್ತಿತ್ತಪ್ಪಾ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳುತ್ತಿದ್ದಳು.

ರೇಣವ್ವನಿಗೆ ಸಿಟ್ಟು ಬಂತು. ಎಲ್ಲಿತ್ತೋ, ಹೇಗೆ ಬಂತೋ, ಕಾಲಿನಿಂದ ಏರಿ ಮುಖ ಸುಟ್ಟಿತು. ಮಾಸ್ತರರ ಮೇಲೆ, ಅವರನ್ನು ಸಂತೈಸುವ ಹುಡುಗಿಯ ಮೇಲೆ, ಅವಲಕ್ಕಿ ಡಬ್ಬಿಯ ಮೇಲೆ, ವಾರದೊಳಗೆ ಹೇಳದೆ ಕೇಳದೆ ಎದ್ದು ಹೋದ ಹನಮೇಶನ ಮೇಲೆ. ಯಾರೂ ಅವಳನ್ನು ಟ್ರಾಕ್ಟರಿಗೆ ಕರೆಯಲಿಲ್ಲ. ಹೊಲದ ಬದುವಿನ ಮೇಲೆ ದಾಪುಗಾಲು ಹಾಕುತ್ತ ಅಮರಗೋಳದ ಬಸ್ಸಿನ ಸ್ಟಾಪಿಗೆ ಬಂದಳು. ಕಾಲಿಗೆ ಹೆಂಟೆ ತಾಗಿ ಬೆರಳು ಒಡೆದದ್ದು ಚುರುಚುರು ಎನ್ನುತ್ತಿತ್ತು.

ಸ್ಟಾಪಿನಲ್ಲಿ ಮೆಂತ್ಯದ ಸಿವುಡುಗಳ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ಇವಳ ಮುಖ ನೋಡಿ, ಏನಾತು ತಂಗಿ ಎಂದು ಕೇಳಿದಳು.

‘ನಾ ಹೇಳಿದ್ನಿ’ ಎಂದಳು ರೇಣವ್ವ. ‘ನಾ ಮೊದಲೇ ಹೇಳಿದ್ನಿರಿ.’

ಮುದುಕಿಗೆ ಏನೂ ತಿಳಿಯಲಿಲ್ಲ. ಹೌದೇಳವ್ವಾ ಎಂದು, ಬುಟ್ಟಿಯನ್ನು ಅತ್ತ ಸರಿಸಿ, ಅವಳಿಗೆ ಕೂರಲು ಜಾಗ ಮಾಡಿಕೊಟ್ಟಳು.